ಇಲಿವಾರ

ಗಣಪ್ಪ ಕುಂತ ರಾತ್ರಿನೇ ಬೋನು ಟಪ್ ಅಂತು.
ಶೇಂಗಾ ಹಿಂಡಿ ಸವರಿದ ರೊಟ್ಟಿ ಚೂರಿಗೆ
ಮೂರು ತಿಂಗಳು ಮೂಸಿ ನೋಡದಂವ
ಇವತ್ತ ಬಂದಾನ.

ಬೆಳಗಾದ್ರ ಇಲಿವಾರ.
ಗುಳೇದಗುಡ್ಡದ ನಮ್ಮ ಓಣ್ಯಾಗ ಮಗ್ಗದ ಸಪ್ಪಳಿಲ್ಲ,
ಕತ್ತರಿ ಮುಟ್ಟಂಗಿಲ್ಲ,
ಹೆಸರು ಹಿಡಿಯೂದಂತೂ ಬ್ಯಾಡೇ ಬ್ಯಾಡ,
ಅಂವ ಕೇಳಸ್ಕೋತಾನ, ಅಂತಾಳ ರಾಚವ್ವತ್ತಿ.

ಬೋನಿನ ಮುಂದ ಕುಂತು ನೋಡಿದಳು:
ಹನ್ನೆರಡು ಖಣದ ಹಾಸು ಕಡಿದ ಹಲ್ಲು,
ಮೀಸಿಗೆ ಇನ್ನೂ ಅಂಟಿದ ಕೆಂಪು ರೇಶಿಮಿ.
"ಕೊಲ್ಲೂದು ನಾಳೆ" ಅಂದಳು,
ತಂತಿಗೆ ಕುಂಕುಮ ಹಚ್ಚಿ
ಕಡಬು ಮುರಿದು ಒಳಗ ತುರುಕಿದಳು.

ಅಂವ ಬರೇ ಹೂರಣ ತಿಂದ.
ಕಣಕ ಬಿಟ್ಟ.
"ನಿಮ್ಮ ಮಾವನೂ ಹಿಂಗ ಮಾಡ್ತಿದ್ದ."
ಮಗ್ಗ ಸುಮ್ಮನಿದ್ದ ಮನ್ಯಾಗ
ಆಕಿ ನಕ್ಕದ್ದು ಅಟ್ಟದ ತನಕ ಕೇಳಿತು.

ಮರುದಿನ ನಸುಕಿನ್ಯಾಗ
ಬಕೆಟ್ ತುಂಬಿಸಿಕೊಂಡು ಹೋದೆ.
ಬೋನು ಖಾಲಿ.
ಬಾಗಿಲು ಮ್ಯಾಲೆತ್ತಿ ಕೆಂಪು ಎಳಿಲೆ ಕಟ್ಟಿತ್ತು,
ಹಾಸು ಹರಿದಾಗ ಹಾಕೋ ಗಂಟು,
ಬೆರಳಿಗೂ ಹತ್ತದಷ್ಟು ಸಣ್ಣದು.

ಅತ್ತಿ ಕುಣ್ಯಾಗ ಕಾಲಿಳಿಬಿಟ್ಟು ಲಾಳಿ ಒಗಿತಿದ್ದಳು,
ತಲಿ ಎತ್ತಲಿಲ್ಲ.
"ಆ ಬೋನು ಸಡಲ ಐತಿ.
ಸಂತ್ಯಾಗಿಂದ ಬ್ಯಾರೇದು ತರಸು.
ಗಟ್ಟೀದು."