ಕೌದಿ ನಕಾಶೆ

ಕನಕಗಿರಿ ಹೈಸ್ಕೂಲಿನ ಗೋಡೆಯಲ್ಲಿ
ಹಳೇ ಜರ್ಮನಿ ತೂಗುತ್ತಿದೆ:
ಮುನ್ನೂರು ದೊರೆ, ಮುನ್ನೂರು ಬಣ್ಣ.
ಒಂದು ಸೀಮೆಯಂತೂ ನನ್ನ ಉಗುರಿನಡಿಯೇ ಮುಚ್ಚಿಹೋಯಿತು.

"ಕೌದಿ ಸರ್," ಅಂದಳು ಹುಲಿಗೆಮ್ಮ.
ಎಲ್ಲರೂ ನಕ್ಕರು. ನಾನೂ.

ಅವಳು ನಗಲಿಲ್ಲ. ಅವರ ಮುತ್ಯಾನ ಮುತ್ಯಾ
ನಾಯಕರ ಸುಂಕದಕಟ್ಟೆಯಲ್ಲಿ ಕೂತವನಂತೆ:
ಹಳ್ಳದ ಈಚೆಗೊಂದು ದುಡ್ಡು,
ಆಚೆಗೆ ಬೇರೆ ದೊರೆ, ಬೇರೆ ಸೇರು.
ಆಡುಗಳು ಮಾತ್ರ ಪುಕ್ಕಟೆ ದಾಟುತ್ತಿದ್ದವು.

ಹಾಗಾದರೆ ರೈನ್ ದಂಡೆಯ ಈ ಚೂರಿನಲ್ಲೂ
ಒಬ್ಬ ಕಟ್ಟೆಯವ ಇದ್ದಿರಬೇಕು,
ಹೆಬ್ಬೆರಳು ಸೇರಿನೊಳಗಿಟ್ಟೇ ಕಾಳು ಅಳೆಯುವವ.
"ಇಟ್ಟೇ ಇಟ್ಟಿರ್ತಾನ್ರಿ, ಸರ್."

ಗಂಟೆ ಹೊಡೆಯಿತು. ನಕಾಶೆ ಸುತ್ತುವಾಗ
ದೊರೆಗಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.
ಕೈಗೆ ಉಳಿದದ್ದು
ಸೀಮೆಸುಣ್ಣ.