ಉಸಿರು ಕಟ್ಟುವವಳು

ವೀಬ್ಕೆಯ ಹಾಡನ್ನು ನಾನು ಎದುರು ಕೂತು ಕೇಳಿದವಳಲ್ಲ.
ಕೇಳಿದ್ದೆಲ್ಲ ಬೆನ್ನಿನ ಕಡೆಯಿಂದ,
ಪರದೆಯ ಹಿಂದಿನ ಕತ್ತಲಲ್ಲಿ, ಮಂಡಿಯೂರಿ,
ಪುಟ್ಟ ಟಾರ್ಚು ಹಲ್ಲಲ್ಲಿ ಕಚ್ಚಿ,
ಹೆಗಲ ಮೇಲೊಂದು ಟವೆಲು, ತೋಳಿನ ತುಂಬ ಪಿನ್ನು.

ಹ್ಯಾಂಬರ್ಗು. ಫೆರಿ ಹತ್ತಿ ನದಿ ದಾಟಿದರೆ ನಮ್ಮ ಥಿಯೇಟರು.
ಒಂಬತ್ತು ವರ್ಷದಿಂದ ಅದೇ ಆಟ, ವಾರಕ್ಕೆ ಎಂಟು ಸಲ,
ಶನಿವಾರ ಎರಡು, ಭಾನುವಾರ ಎರಡು.
ಆಟದಲ್ಲಿ ಅವಳು ದೀಪಸ್ತಂಭ ಕಾಯುವವನ ಮಗಳು,
ವಯಸ್ಸು ಹತ್ತೊಂಬತ್ತು.
ಮನೆಯಲ್ಲಿ ಮೂವತ್ತೇಳು.
ಎಡ ಮಂಡಿಗೆ ಅರವತ್ತಾದರೂ ಆಗಿರಬೇಕು.

ಮೊದಲ ಅಂಕದ ಕೊನೆಗೆ
ಸುತ್ತಿ ಸುತ್ತಿ ಏರುವ ಮೂವತ್ತೆರಡು ಕಬ್ಬಿಣದ ಮೆಟ್ಟಿಲು.
ಮೈಮೇಲೆ ಹನ್ನೊಂದು ಕಿಲೋ ಉಣ್ಣೆ, ಕೈಯಲ್ಲಿ ಲಾಂದ್ರ,
ಬಾಯಲ್ಲಿ ಅವಳಿಗಿಂತ ಮೊದಲೇ ಮೇಲೇರುತ್ತಿರುವ ಹಾಡು.
ಬಸ್ಸಿಗೆ ಓಡಿ ಬಂದವರಿಗೆ ಹೆಸರು ಹೇಳಲೂ ಆಗದಂಥ ಹೊತ್ತಿನಲ್ಲಿ
ಅವಳು ತುದಿಯಲ್ಲಿ ನಿಂತು
ಒಂದೇ ಸ್ವರವನ್ನು ಹದಿನಾಲ್ಕು ಎಣಿಕೆ ಹಿಡಿಯಬೇಕು,
ನಗುನಗುತ್ತಲೇ.
ಉಸಿರೆಳೆದದ್ದು ಕೆಳಗಿನ ಎರಡು ಸಾವಿರ ಜನಕ್ಕೆ ಗೊತ್ತಾಗಬಾರದು.
ಗೊತ್ತಾದರೆ ಅದು ಹಾಡಲ್ಲ,
ಮೆಟ್ಟಿಲು.

ದೀಪ ಆರುತ್ತದೆ.
ಹಿಂದಿನ ಏಣಿಯಿಂದ ಜಾರಿ ನನ್ನ ತೋಳಿಗೆ ಬೀಳುತ್ತಾಳೆ.
ಇಪ್ಪತ್ತೆರಡು ಸೆಕೆಂಡು.
ಉಣ್ಣೆ ಕಳಚು, ಬೆವರೊರೆಸು,
ಮೈಕಿನ ತಂತಿ ಜಡೆಯೊಳಗೆ ಸಿಕ್ಕಿಸು,
ಮದುವೆಯ ಬಿಗಿಕುಪ್ಪಸದ ದಾರ ಎಳೆ.
ಮಾತಿಗೆ ಪುರುಸೊತ್ತಿಲ್ಲ, ಬೆನ್ನ ಮೇಲೆ ಎರಡು ಬೆರಳಿಡುತ್ತೇನೆ.
ಅವಳು ಪಕ್ಕೆಲುಬು ಅಗಲಿಸಿ ನಿಲ್ಲುತ್ತಾಳೆ,
ರೈಲಿನಲ್ಲಿ ಪಕ್ಕದ ಸೀಟಿಗೆ ಚೀಲ ಇಟ್ಟು ಜಾಗ ಹಿಡಿದವರ ಹಾಗೆ.
ಉಸಿರು ಕಟ್ಟುವುದೇ ನನ್ನ ಕಸುಬು ಅಂತ
ಕ್ಯಾಂಟೀನಿನಲ್ಲೊಮ್ಮೆ ಅಂದೆ. ಡ್ರಮ್ಮಿನ ಎಗ್ಗರ್ಟ್ ನಕ್ಕ.
ಅವಳು ನಗಲಿಲ್ಲ. ನಗುವುದೂ ಗಂಟಲಿಗೆ ಖರ್ಚು.

ಮಧ್ಯಾಹ್ನದವರೆಗೆ ಅವಳದು ಮೌನ.
ಆಮೇಲೆ ನೀರಿನ ಬಾಟಲಿಗೆ ಕೊಳವೆ ಇಳಿಬಿಟ್ಟು
ಗುಳುಗುಳು ಗುಳುಗುಳು
ಹಟಮಾರಿ ಮಗುವನ್ನು ಹಾಸಿಗೆಯಿಂದ ಎಬ್ಬಿಸಿದಂತೆ ದನಿಯನ್ನು ಎಬ್ಬಿಸುವುದು.
ವೈನಿಲ್ಲ, ಚೀಸಿಲ್ಲ, ಫೆರಿಯಲ್ಲಿ ಮೂಗಿನವರೆಗೆ ಮಫ್ಲರು.
ಮಗ ಯೋರ್ರೆ ಗೋಲು ಹೊಡೆದ ಭಾನುವಾರ
ಉಳಿದ ತಾಯಂದಿರೆಲ್ಲ ಕೂಗಿದರಂತೆ.
ಇವಳು ಕೊಡೆ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ,
ಮಳೆಯಿರಲಿಲ್ಲ.

ಫೆಬ್ರವರಿಯ ಒಂದು ಗುರುವಾರ
ತುದಿಯ ಸ್ವರಕ್ಕೆ ಮುಂಚೆ ಒಂದು ಸದ್ದು ಕೇಳಿತು,
ಗುಂಡಿಯ ನೂಲು ಕಿತ್ತಷ್ಟು.
ಸ್ವರ ಬಂತು. ಚಪ್ಪಾಳೆ ಬಂತು.
ಜಾರಿ ಬಂದವಳು ನನ್ನ ಮುಂಗೈ ಹಿಡಿದುಕೊಂಡಳು,
ಹಾಗೆ ಹಿಡಿದವಳೇ ಅಲ್ಲ.
ಅವತ್ತು ಕೊನೆಯ ಮೂರು ತೂತಿಗೆ ನಾನು ದಾರ ಪೋಣಿಸಲಿಲ್ಲ.
ಶಾಲು ಹೊದಿಸಿ ಕಳಿಸಿದೆ.

ಡಾಕ್ಟರು ಮೂಗಿನಿಂದ ಕ್ಯಾಮರಾ ಇಳಿಸಿ ತೋರಿಸಿದರಂತೆ:
ಒದ್ದೆಯಾದ ಎರಡು ಬಿಳಿ ಪರದೆ,
ಒಂದರ ಅಂಚಿನಲ್ಲಿ ಸಾಸಿವೆಯಷ್ಟು ಗಂಟು.
"ಇಷ್ಟೇ ಇಷ್ಟಾ ನಾನು?" ಅಂತ ಚೀಟಿಯಲ್ಲಿ ಬರೆದು ಕೊಟ್ಟಳು.
ಆರು ವಾರ ಮಾತಿಲ್ಲ.

ಈಗ ಮೆಟ್ಟಿಲು ಹತ್ತುವವಳು ತ್ಯೋರ್ವೆನ್, ಇಪ್ಪತ್ನಾಲ್ಕು ವರ್ಷ.
ಚೆನ್ನಾಗಿಯೇ ಹಾಡುತ್ತಾಳೆ.
ಅವಳ ಪಕ್ಕೆಲುಬು ನನ್ನ ಬೆರಳಿಗಿನ್ನೂ ಬಾಯಿಪಾಠವಾಗಿಲ್ಲ.

ನಿನ್ನೆ ವೀಬ್ಕೆ ಫೆರಿಯಲ್ಲಿ ಬಂದಳು.
ಹಿಂದಿನ ಕತ್ತಲಲ್ಲಿ, ಪಿನ್ನಿನ ಪೆಟ್ಟಿಗೆಯ ಮೇಲೆ,
ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.
ಮೇಲೆ ತ್ಯೋರ್ವೆನ್ ಹತ್ತತೊಡಗಿದಳು.
ಇವಳು ತುಟಿ ತೆರೆಯಲಿಲ್ಲ,
ಉಸಿರಾಡಿದಳು, ಅಷ್ಟೆ:
ಏಳನೆಯ ಮೆಟ್ಟಿಲಲ್ಲಿ ಚೂರು, ಹದಿನೆಂಟರಲ್ಲಿ ಕದ್ದು,
ಇಪ್ಪತ್ತೊಂಬತ್ತರಲ್ಲಿ ಹೊಟ್ಟೆಯ ತಳದಿಂದ,
ಆಮೇಲೆ ಹದಿನಾಲ್ಕು ಎಣಿಕೆ ಏನೂ ಇಲ್ಲ.
ನಾನು ಟಾರ್ಚು ಬಾಯಿಂದ ತೆಗೆದೆ.
ಇಡೀ ಹಾಡು ನನ್ನೆದುರಿಗೇ ಕೂತಿತ್ತು.

ದೀಪ ಆರಿತು.
ಎದ್ದೆ, ಮಂಡಿ ಕಟಕ್ಕೆಂದಿತು.
ಇಪ್ಪತ್ತೆರಡು ಸೆಕೆಂಡು.