ಬಲಕ್ಕೆ

ಅಸ್ಮಾರಾದಲ್ಲಿ ಇದನ್ನು ಫ್ರೆಚ್ಚಾ ಅನ್ನುತ್ತೇವೆ.
ಇಟಲಿಯವರು ಬಿಟ್ಟುಹೋದ ಮಾತು, ಬಾಣ ಅಂತ ಅರ್ಥ.
ಜೆವ್ದಿ ಅವ್ವನ ಕಾರಿನ ಬತ್ತಳಿಕೆಯಲ್ಲಿ
ಬಾಣವಿತ್ತು, ಹೆದೆ ಇರಲಿಲ್ಲ.

ಅರವತ್ಮೂರರ ಫಿಯೆಟ್, ಕೆನೆಬಣ್ಣ,
ಸ್ನಾನ ಮುಗಿಸಿ ಪೌಡರು ಹಚ್ಚಿಸಿಕೊಂಡ ಮಗುವಿನ ಹಾಗೆ
ಮೆದೆಬರಿನ ತಗಡು ಬಡಿವ ಸದ್ದಿನ ನಡುವೆ ಬಂದು ನಿಂತಿತು.
"ಬಲಗಡೆಯದು ಸರಿಮಾಡು," ಅಂದರು,
"ಎಡಕ್ಕೆ ನನ್ನ ಕೈಯಿದೆ."

ಸೂಲಗಿತ್ತಿಯಾಗಿದ್ದವರು.
ಈ ಊರಿನ ಎಷ್ಟೋ ತಲೆಗಳನ್ನು
ಕಡೇ ತಿರುವಿನಲ್ಲಿ ಹಿಡಿದು ಹೊರಗೆ ತಂದ ಕೈ ಅದು.
ನನ್ನದನ್ನೂ.

ಬಲಕ್ಕೆ ಹಾಕಿ ನೋಡಿದೆ.
ಮುಂದಿನ ಬಲ್ಬು ನಿದ್ದೆಗಣ್ಣು ಬಿಟ್ಟು ಮುಚ್ಚಿತು.
ಎಡಗಡೆಯದು, ಸಂಬಂಧವೇ ಇಲ್ಲದ್ದು, ಕಣ್ಣು ಹೊಡೆಯಿತು.
ಎತ್ತು ಏರಿಗೆ, ಕೋಣ ನೀರಿಗೆ.

ಫ್ಯೂಸು ಸರಿಯಿತ್ತು.
ಫ್ಲ್ಯಾಷರ್ ಡಬ್ಬಿ ಹೊಸದೇ; ಮೂರು ಜನ ಮೆಕ್ಯಾನಿಕ್ಕರು
ಮೂರು ಸಲ ಬದಲಿಸಿದ್ದರು,
ಜ್ವರ ಬಂದವನಿಗೆ ಅಂಗಿ ಬದಲಿಸಿದ ಹಾಗೆ.
ಬಲ್ಬು ಕಳಚಿ ಸೂರ್ಯನಿಗೆ ಹಿಡಿದೆ, ಒಳಗಿನ ತಂತಿ ಗಟ್ಟಿ.
ಸಾಕೆಟ್ಟಿನ ಕಿಲುಬನ್ನು ನಿಂಬೆಹೋಳಿನಿಂದ ಉಜ್ಜಿದೆ.
ಆದರೂ ಅದೇ ನಿದ್ದೆಗಣ್ಣು.

"ಇಷ್ಟು ವರ್ಷ ಬಲಕ್ಕೆ ಹೇಗೆ ತಿರುಗಿದಿರಿ?"
ಕಾರಿನ ಕೆಳಗೆ ಮಲಗಿಕೊಂಡೇ ಕೇಳಿದೆ.
"ಫಿಸ್ಸೆಹಾಯೆ ಪಕ್ಕದಲ್ಲಿರುತ್ತಿದ್ದರಲ್ಲ.
ಕಿಟಕಿಯಿಂದ ತೋಳು ಚಾಚುತ್ತಿದ್ದರು.
ಚಳಿಯಲ್ಲೂ. ಪೇಪರು ಓದುತ್ತಿದ್ದರೂ.
ನನ್ನ ಜತೆ ಮಾತು ಬಿಟ್ಟ ದಿನಗಳಲ್ಲೂ."
ಸ್ವಲ್ಪ ಹೊತ್ತು ಬಿಟ್ಟು,
"ಎರಡು ವರ್ಷವಾಯಿತು, ಬಲಕ್ಕೆ ಹೋಗೋದಿಲ್ಲ.
ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಬಲ ಆಗುತ್ತದೆ.
ಕೂಪನ್ನಿನ ಪೆಟ್ರೋಲು ಸಾಲುತ್ತಿಲ್ಲ, ಅದಕ್ಕೇ ಬಂದೆ."

ಕರೆಂಟಿಗೆ ಬಂದರೆ ಸಾಲದು, ವಾಪಸು ಹೋಗಬೇಕು.
ನೆಲ ಸಿಗದಿದ್ದರೆ ಪಕ್ಕದವರ ಹಿತ್ತಲು ಹಾದು
ಅವರ ದೀಪವನ್ನೂ ತುಸು ಕೆಣಕಿ
ಹೇಗೋ ಮನೆ ಸೇರುತ್ತದೆ.
ಅರ್ತ್ ಸಿಗದ ದೀಪ ಏನೋ ಹೇಳುತ್ತದೆ,
ಅರ್ಥ ಸಿಗುವುದಿಲ್ಲ.

ಟೆಸ್ಟ್ ಲ್ಯಾಂಪಿನ ಮೊನೆಯನ್ನು ಒಂದೊಂದೇ ಸ್ಕ್ರೂಗೆ ಮುಟ್ಟಿಸುತ್ತ ಹೋದೆ.
ಬಲ ಮಡ್‌ಗಾರ್ಡಿನ ಒಳಗೆ
ಕಪ್ಪು ವೈರು ಕಾರಿನ ಮೈ ಸೇರುವಲ್ಲಿ ಸಿಕ್ಕಿತು.
ತುಕ್ಕಲ್ಲ. ಕಡಿದದ್ದಲ್ಲ.
ಬಣ್ಣ.
ಮೂರು ಕೋಟು, ಬ್ರಷ್ಷಿನ ಒಂದು ಕೂದಲು ಸಮೇತ.
ಯಾರೂ ನೋಡದ ಜಾಗವನ್ನೂ ಬಿಡದೆ
ಸ್ಕ್ರೂ ಕಳಚಿ, ಅದರಡಿಗೂ ಬಳಿದು, ಒಣಗಲು ಬಿಟ್ಟು
ಮತ್ತೆ ಬಿಗಿದಿದ್ದ ಅಚ್ಚುಕಟ್ಟು.

"ಬಣ್ಣ ಹೊಡೆದದ್ದು ಯಾರು?"
"ಅವರೇ. ಹನ್ನೊಂದು ವರ್ಷದ ಹಿಂದೆ.
ವಾರವಿಡೀ ಅಂಗಳದಲ್ಲೇ ಊಟ."
ದೀಪ ಕೆಟ್ಟದ್ದು ಯಾವಾಗ ಅಂತ ನಾನು ಕೇಳಲಿಲ್ಲ.
ಅವರಾಗಲೇ ಬೆರಳು ಮಡಚಿ ಎಣಿಸುತ್ತಿದ್ದರು.

ಉಪ್ಪುಕಾಗದ ಮಡಚಿದೆ.
"ಎಷ್ಟು ಕೆರೆಯುತ್ತೀ?"
"ಒಂದು ನಾಣ್ಯದಷ್ಟು."
"ಚಿಕ್ಕ ನಾಣ್ಯ ತಾನೆ?"
ಕೆನೆಪುಡಿ ಉದುರಿ ನನ್ನ ಮುಂಗೈ ಮೇಲೆ ಕೂತಿತು.
ಒಳಗಿನ ಉಕ್ಕು ಬೆತ್ತಲಾಗಿ ಹೊಳೆಯಿತು.
ಬಿಗಿದೆ.

ಟಕ್. ಟಕ್. ಟಕ್.
ಕಿತ್ತಳೆ ಬೆಳಕು ಎದುರಿನ ಗೋಡೆಗೆ ಹೋಗಿ ಹೋಗಿ ಬಂತು.
ಬಸುರಿಯ ಹೊಟ್ಟೆಗೆ ಕಿವಿಯಿಟ್ಟವರ ಹಾಗೆ
ಅವರು ತುಂಬ ಹೊತ್ತು ಆಲಿಸಿದರು.
"ಸ್ವಲ್ಪ ಅವಸರ ಇದಕ್ಕೆ," ಅಂದರು.

ಹೊರಡುವ ಮುಂಚೆ ಪಕ್ಕದ ಸೀಟಿನ ಮೇಲೆ ಬಾಗಿ
ಆ ಕಡೆಯ ಕಿಟಕಿಯ ಗಾಜು ಏರಿಸಿದರು.
ಬಿಗಿಯಾಗಿತ್ತು. ಎರಡೂ ಕೈ ಬೇಕಾಯಿತು.

ಮೂಲೆಯಲ್ಲಿ ಬಲಕ್ಕೇ ತಿರುಗಿದರು.
ತಿರುಗಿದ ಮೇಲೆ ಲಿವರು ತಾನಾಗಿ ಮರಳುವುದಿಲ್ಲ,
ಕೈಯಾರೆ ತೆಗೆಯಬೇಕು.
ಹೇಳಲು ಮರೆತಿದ್ದೆ.
ತಗಡುಗಳ ಸಂದಿಯಲ್ಲಿ ಬಹಳ ದೂರ ಕಾಣುತ್ತಿತ್ತು,
ನೇರ ರಸ್ತೆಯಲ್ಲಿ, ಇನ್ನೂ ಬಲಕ್ಕೆ
ಬಲಕ್ಕೆ ಎನ್ನುತ್ತ.